ಗಿರಣಿಯವನ ಮೋಡ

ಕರೆಂಟ್ ಹೋದರೆ ಸಂತೋಷಪಡುವ ಗಿರಣಿಯವನು ಈ ಭೂಮಂಡಲದಲ್ಲಿ ಒಬ್ಬನೇ ಇದ್ದಾನೆ, ಮತ್ತು ಅವನು ಶಹಾಪುರದಲ್ಲಿದ್ದಾನೆ. ಹೆಸರು ಅಯ್ಯಣ್ಣ, ಅಂದರೆ ನಾನೇ. ವಯಸ್ಸು ಐವತ್ತೆರಡು. ಕಲಿತದ್ದು ನಾಲ್ಕನೇ ಕ್ಲಾಸು (ಮೂರನೆಯದರಲ್ಲಿ ಎರಡು ವರ್ಷ ಕೂತಿದ್ದರಿಂದ ಐದು ಎಂದೇ ಲೆಕ್ಕ ಹಿಡಿಯಬಹುದು). ಸಿಟ್ಟಿನಲ್ಲಿ ಮಾತ್ರ ಇಡೀ ತಾಲೂಕಿಗೆ ಹೆಡ್‌ಮಾಸ್ತರ. ನನ್ನ ಗಿರಣಿಯ ಕಲ್ಲು ಬಿಸಿಯಾಗಲು ಅರ್ಧ ತಾಸು ಬೇಕು, ನನಗೆ ಅಷ್ಟೂ ಬೇಡ.

ಇಂಥ ನನ್ನ ಕೈಗೆ ಕುಂಚ ಕೊಟ್ಟವರು ಶರೀಫಸಾಬ ಮಾಸ್ತರರು. ಸಾಲಿಯಲ್ಲಿ ಡ್ರಾಯಿಂಗ್ ಕಲಿಸಿ ರಿಟೈರ್ ಆದವರು. ಒಂದು ದಿನ ಗೋಧಿ ಬೀಸಿಸಲು ಬಂದರು, ಕರೆಂಟ್ ಹೋಯಿತು. ಉಳಿದವರು ಬೈಯುತ್ತಾ ಕೂತರೆ ಇವರು ಚೀಲದಿಂದ ಒಂದು ಸಣ್ಣ ಬಣ್ಣದ ಡಬ್ಬಿ ತೆಗೆದು, ನನ್ನ ಚಹಾದ ಬಸಿಯಲ್ಲಿ ನೀರು ಹಾಕಿಕೊಂಡು, ಅಂಗೈಯಗಲದ ಕಾಗದದ ಮೇಲೆ ನಮ್ಮ ಊರಿನ ಮಲಗಿದ ಬುದ್ಧನ ಗುಡ್ಡವನ್ನು ಎಬ್ಬಿಸದೆಯೇ ತಂದು ಕೂಡಿಸಿಬಿಟ್ಟರು. ನಾನು ಬೆರಗಾದೆ.

"ಮಾಸ್ತರ, ಇದು ನನಗೂ ಬರ್ತದೇನ್ರಿ?"

ಅವರು ನನ್ನ ಕೈ ಹಿಡಿದು ನೋಡಿದರು. "ಕೈಗೆ ಬರ್ತದ ಅಯ್ಯಣ್ಣ. ಸಿಟ್ಟಿಗೆ ಬರಂಗಿಲ್ಲ. ನೀರು ಒಣಗೂ ತನಕ ಸಬೂರ್ ಮಾಡಿ ಸುಮ್ಮ ಕೂಡಬೇಕು. ಕೂಡ್ತಿ?"

"ಕೂಡ್ತೀನ್ರಿ!" ಎಂದು ನಾನು ಕೂಗಿದ ರಭಸಕ್ಕೆ ಬೀಸಿಸಲು ಬಂದಿದ್ದ ಮಸ್ತಾನಬಿಯ ತಲೆಯ ಮೇಲಿನ ಜೋಳದ ಪುಟ್ಟಿ ಕೆಳಗೆ ಬಿತ್ತು.

ಹೀಗೆ ಜಲವರ್ಣ ಕಲೆಯು ಹಿಟ್ಟಿನ ಗಿರಣಿಯನ್ನು ಪ್ರವೇಶಿಸಿತು. ಮೊದಲ ಚಿತ್ರವನ್ನು ಮನೆಗೆ ಒಯ್ದು ಹೆಂಡತಿ ಮಲ್ಲಿಕಮ್ಮನಿಗೆ ತೋರಿಸಿದೆ. ಆಕೆ ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿದಳು.

"ಯಾರ್ರಿ ಇವರು? ಜ್ವರ ಬಂದು ಮಲಗ್ಯಾರೇನು?"

"ಬುದ್ಧ ಅದಾನ ಅಲ್ಲಿ! ಗುಡ್ಡ!"

"ನನಗ ನಿಮ್ಮಪ್ಪ ಊಟ ಮಾಡಿ ಮಲಗಿದಂಗ ಕಾಣಾಕತ್ತದ," ಎಂದು ಹೇಳಿ ಅದರ ಮೇಲೆ ಬಿಸಿ ಪಾತ್ರೆ ಇಟ್ಟಳು.

ಕಲೆಗೆ ಅವಮಾನ ಹೊಸದಲ್ಲ ಎಂದು ಸಮಾಧಾನ ಮಾಡಿಕೊಂಡು ಮನೆಯಲ್ಲಿ ಒಂದು ಜಾಗ ಹುಡುಕತೊಡಗಿದೆ. ಇರುವವರು ಇಬ್ಬರು, ಇರುವ ಕೋಣೆ ಮೂರು, ಆದರೂ ಜಾಗವಿಲ್ಲ! ಹೊರಸಿನ ಮೇಲೆ ಕೂತರೆ ಕಾಗದ ಕುಣಿಯುತ್ತದೆ. ಜೋಳದ ಡ್ರಮ್ಮಿನ ಮೇಲೆ ಇಟ್ಟರೆ ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆಯುತ್ತಾಳೆ. ಅಡುಗೆಮನೆಯ ಕಟ್ಟೆಯ ಮೇಲೆ ಕುಂಚ ತೊಳೆದ ಲೋಟ ಇಟ್ಟಿದ್ದೆ, ಅದನ್ನು ಹುಣಸೆ ನೀರು ಎಂದು ಸಾರಿಗೆ ಸುರಿದಳು. (ಸಾರು ಎಂದಿಗಿಂತ ಚೆನ್ನಾಗಿತ್ತು. ಇದನ್ನು ಬಾಯಿಬಿಟ್ಟು ಹೇಳಿದ್ದು ನನ್ನ ತಪ್ಪು.)

ಮನೆಯಲ್ಲಿ ಚಿತ್ರಕ್ಕೆ ಲಾಯಕ್ಕಾದದ್ದು ಒಂದೇ ಒಂದು ಜಾಗ, ಪಡಸಾಲೆಯ ಕಿಟಕಿ. ಬೆಳಕು ಹಾಲಿನಂತೆ ಬರುತ್ತದೆ. ಅಲ್ಲಿ ಕೂತರೆ ಗುಡ್ಡದ ಬುದ್ಧ ತಲೆಯಿಂದ ಕಾಲಿನವರೆಗೆ ಪೂರ್ತಿ ಕಾಣುತ್ತಾನೆ. ಆದರೆ ಅಲ್ಲಿ ಆಕೆಯ ತವರಿನ ಹೊಲಿಗೆ ಮಿಷನ್ನು ಇಪ್ಪತ್ತೆಂಟು ವರ್ಷದಿಂದ ರಾಜ್ಯಭಾರ ಮಾಡುತ್ತಿದೆ.

"ಆ ಕಿಡಕಿ ಒಂದ ಕೇಳಬ್ಯಾಡ್ರಿ," ಎಂದಳು. "ಬೇಕಾದ್ರ ನನ್ನ ಕೇಳ್ರಿ, ನಾನ ಎದ್ದು ಹೊರಗ ಹೋಗ್ತೀನಿ. ಮಿಷನ್ ಹೋಗಂಗಿಲ್ಲ."

ಸರಿ, ಗಿರಣಿಗೇ ಬಂದೆ. ಕರೆಂಟ್ ಹೋದಾಗಲೆಲ್ಲ ಚಿತ್ರ. ಹೋಗುವುದು ಒಮ್ಮೆ ಅರ್ಧ ತಾಸು, ಒಮ್ಮೆ ಎರಡು ತಾಸು. ದೇವರು ಕೊಟ್ಟ ಸಮಯ! ಗಾಳಿಯಲ್ಲಿ ತೇಲುವ ಹಿಟ್ಟು ಹಸಿ ಬಣ್ಣದ ಮೇಲೆ ಕೂತುಕೊಳ್ಳುತ್ತಿತ್ತು. ಮೊದಮೊದಲು ಸಿಟ್ಟು ಬಂದು ನಾಲ್ಕು ಕಾಗದ ಹರಿದೆ. ಐದನೆಯದನ್ನು ಮಾಸ್ತರರು ಕಣ್ಣಿಗೆ ಹತ್ತಿರ ಹಿಡಿದು, "ಅರೆ ವಾಹ್! ಈ ಮಂಜು ಹ್ಯಾಂಗ ತಂದಿ?" ಎಂದರು.

"ಗೋಧಿದ್ರಿ," ಎಂದೆ ಗಂಭೀರವಾಗಿ.

ಮಂಜನ್ನೇ ಕಾಣದ ಈ ಊರಿನಲ್ಲಿ ನನ್ನಷ್ಟು ಮಂಜು ಬೀಳಿಸಿದವರು ಯಾರೂ ಇಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಆದರೆ ಮೋಡ ಮಾತ್ರ ಬರಲಿಲ್ಲ. ಗುಡ್ಡದ ಮೇಲೆ ಶ್ರಾವಣದ ಮೋಡ ಇಳಿಯುತ್ತದಲ್ಲ, ಅದು. ಗಿರಣಿಯೊಳಗಿಂದ ಆಕಾಶ ಎಲ್ಲಿ ಕಾಣುತ್ತದೆ? ನೆನಪಿನಿಂದ ಬರೆದರೆ ಹತ್ತಿಯ ಮೂಟೆ ಕೂತಂತೆ ಕೂರುತ್ತಿತ್ತು. ಒಂದೇ ಒಂದು ನಿಜವಾದ ಮೋಡ ಬರೆಯದೆ ನಾನು ಸಾಯಬಾರದು ಎಂದು ತೀರ್ಮಾನಿಸಿದೆ.

ಅಷ್ಟರಲ್ಲಿ ನಾಗರ ಪಂಚಮಿ ಹತ್ತಿರ ಬಂತು. ಉಂಡಿಗೆ, ತಂಬಿಟ್ಟಿಗೆ ಹಿಟ್ಟು ಬೇಕು, ಗಿರಣಿ ಮುಂದೆ ಬಾಗಿಲ ತನಕ ಪುಟ್ಟಿಗಳ ಸಾಲು. ಮತ್ತು ಕರೆಂಟು! ಎಂಟು ದಿನವಾಯಿತು, ಕಣ್ಣು ಮಿಟುಕಿಸಲಿಲ್ಲ. ಡಬ್ಬಿಯಲ್ಲಿ ಬಣ್ಣ ಒಣಗಿ ಹೊಲದಂತೆ ಬಿರಿಯಿತು. ಲೈನ್‌ಮನ್ ವಿಶ್ವರಾಧ್ಯನನ್ನು ಚಹಾದಂಗಡಿಗೆ ಕರೆದು ಭುಜದ ಮೇಲೆ ಕೈ ಹಾಕಿದೆ.

"ತಮ್ಮಾ, ಒಂದ್ ತಾಸ್ ಕರೆಂಟ್ ತಗೀಪ್ಪ."

ಅವನು ನನ್ನ ಹಣೆ ಮುಟ್ಟಿ ನೋಡಿದ. "ಕಾಕಾ, ನೀವ ಅಲ್ಲೇನ್ರಿ, ಹೋದ ತಿಂಗಳ ನಮ್ಮ ಆಫೀಸ್ ಮುಂದ ನಿಂತು, ಪಂಚಮ್ಯಾಗ ಕರೆಂಟ್ ಹೋದ್ರ ಕಂಬಕ್ಕ ಕಟ್ಟತೀನಿ ಅಂದವರು? ಅರ್ಜಿ ಮ್ಯಾಲ ಮೊದಲ ಸಹಿ ನಿಮ್ದ ಅದ."

ನಿಜ. ಸಿಟ್ಟು ಮಾಡಿದ ಕೆಲಸ ಮನುಷ್ಯನಿಗೆ ನೆನಪಿರುವುದಿಲ್ಲ, ಸರಕಾರಕ್ಕೆ ಇರುತ್ತದೆ.

ಮರುದಿನ ಮಧ್ಯಾಹ್ನ ನಾನೇ ಗಿರಣಿಯ ಫ್ಯೂಜ್ ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡೆ. "ಕರೆಂಟ್ ಹೋತು! ಎಲ್ಲಾರೂ ಸುಮ್ಮ ಕೂಡ್ರಿ!" ಎಂದು ಸಾರಿ, ಕಾಗದ ಹರವಿದೆ.

ಮಸ್ತಾನಬಿಗೆ ಕಣ್ಣು ಚುರುಕು. "ಅಯ್ಯಣ್ಣಾ, ಆ ಹೋಟೆಲ್ ಫ್ಯಾನ್ ತಿರಗಾಕತ್ತದಲ್ಲ?"

"ಅದು ಸಿಂಗಲ್ ಫೇಜ್ ಅದ. ನಮ್ದು ತ್ರೀ ಫೇಜ್. ಮೂರರಾಗ ಒಂದ್ ಫೇಜ್ ಹೋಗ್ಯಾದ. ನಿನಗ ತಿಳಿಯಂಗಿಲ್ಲ," ಎಂದೆ. ವಿಜ್ಞಾನದ ಮುಂದೆ ಎಲ್ಲರೂ ತಲೆಬಾಗಿದರು. ನಾನು ಆಕಾಶಕ್ಕೆ ನೀಲಿ ಎಳೆದೆ. ಆಹಾ! ಆದರೆ ಮೂಲೆಯಲ್ಲಿ ಕೂತಿದ್ದ ಕಲ್ಯಾಣಮ್ಮ ಇದ್ದಾಳಲ್ಲ, ಆಕೆ ವಿಶ್ವರಾಧ್ಯನ ಸ್ವಂತ ಚಿಗವ್ವ. ಸದ್ದಿಲ್ಲದೆ ಫೋನ್ ಹಚ್ಚಿದ್ದಳು. ನನ್ನ ಅರ್ಜಿಯ ಪ್ರಭಾವವೋ ಏನೋ, ಅವನು ಹತ್ತೇ ನಿಮಿಷಕ್ಕೆ ಬಂದು ನಿಂತ. ಟೆಸ್ಟರ್ ಹಚ್ಚಿದ.

"ಮೂರೂ ಫೇಜ್ ಬರಾಕತ್ಯಾವಲ್ರಿ ಕಾಕಾ. ಫ್ಯೂಜ್ ಎಲ್ಲಿ?"

"ಯಾವ ಫ್ಯೂಜ್?" ಎನ್ನುತ್ತ ಬಣ್ಣದ ಬೆರಳಿನಿಂದಲೇ ಅದನ್ನು ಕಿಸೆಯ ಆಳಕ್ಕೆ ಒತ್ತಿದೆ.

ಅವನು ಎರಡು ಬೆರಳಿನಿಂದ ನನ್ನ ಕಿಸೆಯೊಳಗಿನದನ್ನು ಎತ್ತಿ ತೋರಿಸಿದ. ಅದಕ್ಕೆ ಆಕಾಶದ ನೀಲಿ ಮೆತ್ತಿತ್ತು.

ಮುಂದಿನ ಕಾಲು ತಾಸು ಇಪ್ಪತ್ತು ಹೆಂಗಸರು ನನಗೆ ಏನೇನು ಅಂದರು ಎಂಬುದನ್ನು ಇಲ್ಲಿ ಬರೆದರೆ ನಿಮ್ಮ ಮನೆಯ ಮಕ್ಕಳು ಓದುವಂತಿರುವುದಿಲ್ಲ. ಗದ್ದಲ ಕೇಳಿ ಎದುರಿನ ನಮ್ಮ ಮನೆಯಿಂದ ಮಲ್ಲಿಕಮ್ಮ ಬಂದಳು. ಸೆರಗು ಸಿಕ್ಕಿಸಿದಳು, ಫ್ಯೂಜ್ ಹಾಕಿಸಿದಳು, ನನ್ನ ಸ್ಟೂಲಿನ ಮೇಲೆ ಕೂತಳು. ಸಂಜೆಯೊಳಗೆ ಅಷ್ಟೂ ಪುಟ್ಟಿಗಳನ್ನು ಬೀಸಿ ಕಳಿಸಿದಳು. ಅದೂ ನಗುನಗುತ್ತ! ನನ್ನ ಗಿರಣಿಯಲ್ಲಿ ನಗು ಕೇಳಿದ್ದು ಅದೇ ಮೊದಲು.

"ನಾಳಿಗೂ ನೀನ ಬಾರವ್ವ," ಎಂದಳು ಕಲ್ಯಾಣಮ್ಮ. "ಇವನ ಹಿಟ್ಟಿನಾಗ ಬೈಗಳ ಕಲಬೆರಕಿ ಇರ್ತದ. ರೊಟ್ಟಿ ಕಹಿ ಆಗ್ತಾವ."

ಅಂದು ಊಟಕ್ಕೆ ಕೂತಾಗ ತೀರ್ಪು ಬಂತು.

"ನೋಡ್ರಿ, ಎರಡರಿಂದ ನಾಕರ ತನಕ ಗಿರಣಿ ನಾ ನೋಡ್ತೀನಿ. ನೀವು ಮನ್ಯಾಗ ಕಿಡಕಿಗೆ ಕುಂತು ಏನರ ಬರಕೋರಿ. ಮಿಷನ್ ಸರಸ್ತೀನಿ."

ನನ್ನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. "ಖರೇನ?"

"ಖರೇ. ಆದ್ರ ಆ ಎರಡು ತಾಸು ಮನಿ ನಿಮ್ಮ ಕೈಯಾಗ. ಒಂದ್ ಸಲ ತಪ್ಪಿದ್ರೂ ಮಿಷನ್ ತಿರುಗಿ ಕಿಡಕಿಗೆ ಬರ್ತದ. ಆಮ್ಯಾಲ ಕೇಳಂಗಿಲ್ಲ."

"ಮನಿ ಕಾಯೂದೇನ್ ದೊಡ್ಡದು?" ಎಂದೆ. ಗಂಡಸರೇ, ಈ ವಾಕ್ಯವನ್ನು ಎಂದೂ ಹೇಳಬೇಡಿ.

ನಾಲ್ಕು ದಿನ ನಾನು ಮಹಾರಾಜ. ನಲ್ಲಿ ನೀರು ಹಿಡಿದೆ, ಹಾಲು ಕಾಯಿಸಿದೆ, ಬೆಕ್ಕು ಓಡಿಸಿದೆ, ನಡುನಡುವೆ ಚಿತ್ರ ಬರೆದೆ. ಒಂದು ಸಲವೂ ಕೂಗಾಡಲಿಲ್ಲ. ಮಲ್ಲಿಕಮ್ಮ ಹಾಲಿನ ಪಾತ್ರೆ ಮುಟ್ಟಿ ನೋಡಿ, "ಪರವಾಗಿಲ್ಲ," ಎಂದಳು. ಇಪ್ಪತ್ತೆಂಟು ವರ್ಷದಲ್ಲಿ ನಾನು ಗಳಿಸಿದ ಮೊದಲ ಸರ್ಟಿಫಿಕೇಟು.

ಐದನೆಯ ದಿನ ಗಿರಣಿಗೆ ಹೋಗುವಾಗ ಹೇಳಿದಳು: "ಮಾಳಿಗಿ ಮ್ಯಾಲ ಎರಡು ಚಾದರ ಗೋಧಿ ತೊಳದು ಒಣಾ ಹಾಕೀನಿ. ಪಂಚಮಿದು. ಮೋಡ ಕಂಡ್ರ ಮೊದಲ ಗೋಧಿ, ಆಮ್ಯಾಲ ಬಣ್ಣ. ತಿಳೀತೇನು?"

"ತಿಳೀತು," ಎಂದೆ. ಬಿಸಿಲು ಕಣ್ಣು ಕುಕ್ಕುತ್ತಿತ್ತು.

ಮೂರು ಗಂಟೆಗೆ ಕಾಗದ ಒದ್ದೆ ಮಾಡಿ ತಲೆಯೆತ್ತಿದೆ. ಬುದ್ಧನ ಪಾದದ ಹಿಂದಿನಿಂದ ಅದು ಏಳುತ್ತಿತ್ತು. ಮೋಡ! ಕೆಳಗೆ ಎಮ್ಮೆಯ ಬೆನ್ನಿನಂಥ ಕಪ್ಪು, ನಡುವೆ ಮಾಗಿದ ನೇರಳೆ, ಅಂಚಿಗೆ ಆಗ ಕರೆದ ಹಾಲಿನ ನೊರೆ. ಗೋಧಿ ನೆನಪಾಗಲಿಲ್ಲವೇ ಎಂದು ಕೇಳುತ್ತೀರಿ. ಆಯಿತು. ದೇವರಾಣೆಗೂ ಆಯಿತು. ಆದರೆ ಒದ್ದೆ ಕಾಗದಕ್ಕೆ ಬಣ್ಣ ತಗಲಿಸಿದ ಮೇಲೆ ಎದ್ದು ಹೋಗುವ ಹಾಗಿಲ್ಲ, ಅದೇ ಜಲವರ್ಣದ ಶಾಸ್ತ್ರ! ಕುಂಚ ಇಟ್ಟೆ, ಕಪ್ಪು ತಾನೇ ಹರಡಿತು, ನೇರಳೆ ತಾನೇ ಹೋಗಿ ಅದನ್ನು ತಬ್ಬಿತು. ನಾನು ಬರೆಯಲಿಲ್ಲ, ಮೋಡವೇ ಇಳಿದುಬಂದು ಕಾಗದದ ಮೇಲೆ ಕೂತಿತು. ಕಿಟಕಿಯ ಕಟ್ಟೆಯ ಮೇಲೆ ಟಪ್ ಎಂದು ಹನಿ ಬಿತ್ತು. ಇನ್ನೊಂದೇ ನಿಮಿಷ, ಎಂದುಕೊಂಡೆ. ಆಮೇಲೆ ಮತ್ತೊಂದು ನಿಮಿಷ.

ಮಳೆ ಹೊಡೆಯಿತು. ನಾನು ಮಾಳಿಗೆ ಹತ್ತುವ ಹೊತ್ತಿಗೆ ಗೋಧಿ ಈಜುತ್ತಿತ್ತು, ಅರ್ಧ ಆಗಲೇ ಕೊಳವೆಯಿಂದ ಬೀದಿಗೆ ಹೊರಟಿತ್ತು.

ಕೆಳಗೆ ಇಳಿದರೆ ಮಲ್ಲಿಕಮ್ಮ ತೊಯ್ದು ತೊಪ್ಪೆಯಾಗಿ ಬಾಗಿಲಲ್ಲಿ ನಿಂತಿದ್ದಾಳೆ. ಹಿಂದೆ ಕೊಡೆ ಮಡಚುತ್ತ ಶರೀಫಸಾಬ ಮಾಸ್ತರರು. ಗಿರಣಿಗೆ ಬಂದಿದ್ದ ಅವರು ಆಕೆಯ ಜೊತೆಗೇ ಇಲ್ಲಿಗೂ ಬಂದಿದ್ದರು.

"ಗೋಧಿ?" ಎಂದಳು.

"ನನಗ ನಿದ್ದಿ ಹತ್ತಿತ್ತು," ಎಂದೆ. "ಮೋಡ ಬಂದದ್ದ ಕಾಣಲಿಲ್ಲ ನೋಡು. ಎಚ್ಚರಾಗೂದ್ರೊಳಗ ಮಳಿ!"

ಆಕೆಯ ಸಿಟ್ಟು ಸ್ವಲ್ಪ ಇಳಿಯಿತು. ನಿದ್ದೆಗೆ ನಮ್ಮ ಮನೆಯಲ್ಲಿ ಕ್ಷಮೆ ಇದೆ. "ಹೋಗ್ಲಿ, ವಯಸ್ಸಾತು..." ಎನ್ನುತ್ತ ತಿರುಗಿದವಳು ಕಿಟಕಿಯ ಹತ್ತಿರ ನಿಂತುಬಿಟ್ಟಳು. ಹಲಗೆಯ ಮೇಲೆ ನನ್ನ ಮೋಡ, ಇನ್ನೂ ಹಸಿ.

ಚಿತ್ರ ನೋಡಿದಳು. ಹೊರಗೆ ಆಕಾಶ ನೋಡಿದಳು. ಮತ್ತೆ ಚಿತ್ರ ನೋಡಿದಳು. ಕೊನೆಗೆ ನನ್ನನ್ನು ನೋಡಿದಳು.

"ಇದು ಆ ಮೋಡ ಅಲ್ಲೇನ್ರಿ?"

ಮಾಸ್ತರರು ಒಳ್ಳೆಯ ಮನುಷ್ಯ. ಪರಿಸ್ಥಿತಿ ಅರ್ಥವಾಗಿ ನಡುವೆ ಬಂದರು. "ಇಲ್ಲಮ್ಮಾ, ಇದು ಖಯಾಲಿ ಚಿತ್ರ. ಹಂಗ ಮನಸಿಗೆ ತಿಳದಂಗ ತಗದಾನ. ಇಂಥಾ ಮೋಡ ಎಲ್ಲಿರ್ತದ?" ಎಂದು ನನಗೆ ಕಣ್ಣು ಹೊಡೆದರು. ನಾನು ಹೂಂ ಎಂದರೆ ಮುಗಿಯುತ್ತಿತ್ತು. ಒಂದೇ ಒಂದು ಹೂಂ. ಕಿಟಕಿ ನನ್ನದಾಗಿ ಉಳಿಯುತ್ತಿತ್ತು.

"ಮನಸಿಗೆ ತಿಳದಂಗ?" ನನ್ನ ತಲೆಯೊಳಗೆ ಕಲ್ಲು ತಿರುಗಿತು. "ಏನ್ ಮಾತಾಡ್ತೀರಿ ಮಾಸ್ತರ! ಮುಕ್ಕಾಲು ತಾಸು, ಮುಕ್ಕಾಲು ತಾಸು ಕಣ್ಣ ಪಿಳಕಿಸದಂಗ ನೋಡಿ ತಗದೀನಿ! ಹನಿ ಬಿದ್ರೂ ಎದ್ದಿಲ್ಲ! ಆ ಅಂಚು ನೋಡ್ರಿ, ನೇರಳಿ ನೋಡ್ರಿ! ಖಯಾಲಿ ಅಂತ!"

ಮಾಸ್ತರರು ಕೊಡೆಯನ್ನು ಮತ್ತೆ ಬಿಚ್ಚುವುದೋ ಬೇಡವೋ ಎಂದು ಯೋಚಿಸುತ್ತಿದ್ದರು.

"ಮಾಸ್ತರ," ಎಂದಳು ಮಲ್ಲಿಕಮ್ಮ ತಣ್ಣಗೆ, "ಮಿಷನ್‌ಗೆ ಆ ಕಡಿಂದ ಒಂದ್ ಕೈ ಹಚ್ಚರಿ."

ಮಿಷನ್ನು ಕಿಟಕಿಗೆ ಬಂತು. ಚಿತ್ರವನ್ನು ಹರಿದು ಒಲೆಗೆ ಹಾಕುತ್ತಾಳೆ ಎಂದುಕೊಂಡಿದ್ದೆ. ಹಾಕಲಿಲ್ಲ. ಕಟ್ಟು ಹಾಕಿಸಿ ತಂದು, ಸ್ಟೂಲ್ ಹತ್ತಿ, ಮಿಷನ್ನಿನ ಮೇಲಿನ ಗೋಡೆಗೆ ತಾನೇ ಮೊಳೆ ಹೊಡೆದು ತೂಗುಹಾಕಿದಳು. ಈಗ ಕುಪ್ಪಸ ಹೊಲಿಸಲು ಬಂದವರೆಲ್ಲ ಮೊದಲು ಅದನ್ನೇ ನೋಡುತ್ತಾರೆ. ಮೊನ್ನೆ ಮಸ್ತಾನಬಿ ಬಾಯಿಯ ಮೇಲೆ ಕೈ ಇಟ್ಟುಕೊಂಡು, "ಯಾ ಅಲ್ಲಾ, ಈಗ ಮಳಿ ಬರೂ ಹಂಗ ಅದ! ಯಾರ ಕೈಯಿಂದ ಆಗ್ಯಾದ ಇದು?" ಎಂದಳು.

ನಾನು ಬಾಗಿಲ ಹಿಂದೆ ನಿಂತು ಕಿವಿಗೊಟ್ಟೆ.

"ನಮ್ಮನಿಯವರು ತಗದದ್ದು," ಎಂದಳು ಮಲ್ಲಿಕಮ್ಮ ದಾರ ಪೋಣಿಸುತ್ತ. "ಎರಡು ಚಾದರ ಗೋಧಿ ಬಿದ್ದದ ಇದಕ್ಕ."

ಹೇಳಿದ್ದು ಹೊಗಳಿಕೆಯೋ ಫಿರ್ಯಾದೋ ಗೊತ್ತಿಲ್ಲ. ಆದರೆ ಇಷ್ಟು ಕಿಮ್ಮತ್ತಿನ ಚಿತ್ರ ಶಹಾಪುರ, ಸುರಪುರ, ಯಾದಗಿರಿ ಮೂರೂ ಊರಿನಲ್ಲಿ ಇನ್ನೊಬ್ಬರ ಮನೆಯಲ್ಲಿ ಇರಲಾರದು.