ಪ್ರೋಟೀನ್ ಉಂಡೆಯ ರುಚಿ ನೋಡಿದವರು

ನಮ್ಮ ಕೊಪ್ಪದ ಕಡೆ ತಿಂದು ನಿಜ ಹೇಳುವವರನ್ನು ಹುಡುಕಿಕೊಂಡು ಹೊರಟರೆ ಒಂದಲ್ಲ ಒಂದು ಫಜೀತಿ ಗ್ಯಾರಂಟಿ. ಇಲ್ಲಿ ಉಪ್ಪಿಲ್ಲದ ಸಾರಿಗೂ ‘ಚೆನ್ನಾಗಿದೆ’, ತಳ ಹಿಡಿದ ಪಾಯಸಕ್ಕೂ ‘ಚೆನ್ನಾಗಿದೆ’. ತೀರಾ ತಡೆಯಲಾರದೆ ಹೋದರೆ, “ನೀವೇ ಮಾಡಿದ್ದಾ?” ಎಂದು ಕೇಳಿ ನೀರು ಕುಡಿಯುತ್ತಾರೆ. ಅದಕ್ಕಿಂತ ಕಟುವಾದ ವಿಮರ್ಶೆಯನ್ನು ನಾನು ಈ ನಲವತ್ತು ಚಿಲ್ಲರೆ ವರ್ಷಗಳಲ್ಲಿ ಕೇಳಿಲ್ಲ.

ಇಂಥ ಊರಿನಲ್ಲಿ ನನ್ನ ನಾದಿನಿಗೆ ನಿಜವಾದ ಅಭಿಪ್ರಾಯ ಬೇಕಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರ ಅವಳದೊಂದು ಟೈಲರಿಂಗ್ ಅಂಗಡಿ ಇತ್ತು. ಎಲ್ಲರೂ ರೆಡಿಮೇಡ್ ಹಾಕಿಕೊಳ್ಳತೊಡಗಿದ ಮೇಲೆ ಅವಳಿಗೆ ಹರಿದದ್ದನ್ನು ಹೊಲಿಯುವ ಕೆಲಸ ಮಾತ್ರ ಉಳಿಯಿತು. ಅಂಗಡಿ ಮುಚ್ಚಿ, ಹೊಲಿಗೆ ಮೆಷಿನ್ ಮಾರಿ, ದೊಡ್ಡ ಮಿಕ್ಸಿ ತಂದಳು. ಆಗ ಟಿ.ವಿ.ಯಲ್ಲಿ, ವಾರಪತ್ರಿಕೆಯಲ್ಲಿ, ಡಾಕ್ಟರ ಬಾಯಲ್ಲಿ, ಎಲ್ಲೆಲ್ಲೂ ಪ್ರೋಟೀನಿನದೇ ಮಾತು. “ಅತ್ತಿಗೆ, ಪ್ರೋಟೀನ್ ಉಂಡೆ ಮಾಡ್ತೀನಿ. ಬಾಯಿಗೆ ಸಿಹಿ, ಮೈಗೆ ಗಟ್ಟಿ” ಎಂದಳು.

ಇದು ಕೈ ಹತ್ತದಿದ್ದರೆ ನರಸಿಂಹರಾಜಪುರದಲ್ಲಿ ಅವಳ ಚಿಕ್ಕಪ್ಪನ ಸೀರೆ ಅಂಗಡಿ ಕಾಯುತ್ತಿತ್ತು. ಬೆಳಗ್ಗಿನಿಂದ ಸಂಜೆಯವರೆಗೆ ಗಿರಾಕಿಗಳು ಬಿಡಿಸಿ ಬಿಸಾಕಿದ ಸೀರೆ ಮಡಚುವುದು, ಮಡಚುತ್ತಾ ಚಿಕ್ಕಪ್ಪನ ಉಪದೇಶ ಕೇಳುವುದು. ಚಿಕ್ಕಪ್ಪ ಆಗಲೇ ಅವಳಿಗೊಂದು ಸ್ಟೂಲು ಮಾಡಿಸಿಟ್ಟಿದ್ದರು. “ಸೀರೆ ಮಡಚಿಯೇನು, ಆ ಬಾಯಿ ಯಾರು ಮಡಚೋದು?” ಎಂದು ನಾದಿನಿ ಕಂಗಾಲಾಗಿದ್ದಳು.

ನಾನು ಬಿ.ಎಸ್ಸಿ. ಕೆಮಿಸ್ಟ್ರಿ ಓದಿದವಳೆಂಬ ಒಂದೇ ಕಾರಣಕ್ಕೆ ನನ್ನ ನಾಲಿಗೆ ಅವಳ ಲ್ಯಾಬೊರೇಟರಿಯಾಯಿತು. ಆದರೆ ನಾನೂ ಇದೇ ಊರಿನವಳಲ್ಲವೇ? “ಚೆನ್ನಾಗಿದೆ” ಎಂದುಬಿಟ್ಟೆ. ಲ್ಯಾಬೊರೇಟರಿ ಅಂದೇ ಮುಚ್ಚಿತು.

ಮನೆಯ ಯಜಮಾನರ ವರದಿ

ಮೊದಲ ಸಲದ್ದು ಸೋಯಾ ಹಿಟ್ಟು, ನೆಲಗಡಲೆ, ಬೆಲ್ಲದ ಉಂಡೆ. ತಟ್ಟೆಯಲ್ಲಿಟ್ಟು, ಪೇಪರ್ ಓದುತ್ತಿದ್ದ ನನ್ನ ಗಂಡನ ಪಕ್ಕ ಇಟ್ಟೆವು. ನಾದಿನಿ ಬಾಗಿಲ ಸಂದಿಯಲ್ಲಿ ಕಿವಿಗೊಟ್ಟು ನಿಂತಳು.

“ಹೇಗಿದೆ?” ಎಂದೆ.

“ಚೆನ್ನಾಗಿದೆ.”

“ಸಿಹಿ?”

“ಸರಿ ಇದೆ.”

“ಗಟ್ಟಿಯಾಯ್ತಾ?”

“ಇಲ್ಲ ಮಾರಾಯ್ತಿ, ಹದವಾಗಿದೆ.”

ನಾದಿನಿ ಖುಷಿಯಿಂದ ಓಡಿಬಂದು ನೋಡಿದರೆ ಉಂಡೆ ಇಟ್ಟಲ್ಲೇ ಇದೆ. ಒಂದು ಚೂರೂ ಉದುರಿಲ್ಲ.

“ಅಣ್ಣಾ, ನೀನಿನ್ನೂ ತಿಂದೇ ಇಲ್ಲವಲ್ಲೋ!”

ಅವರು ಪುಟ ತಿರುಗಿಸಿದರು. “ತಿಂದ ಮೇಲೂ ಅದನ್ನೇ ಹೇಳ್ಬೇಕಲ್ಲ. ಮೊದಲೇ ಹೇಳಿದೆ.”

ಕಮ್ಮರಡಿಗೆ ಹೋದ ಡಬ್ಬಿ

ಮನೆಯವರನ್ನು ನಂಬಿದರಾಗದು ಎಂದು ಅದೇ ಸೋಯಾ ಉಂಡೆಯನ್ನು ಸ್ಟೀಲ್ ಡಬ್ಬಿಯ ತುಂಬ ತುಂಬಿ ಕಮ್ಮರಡಿಯ ನನ್ನ ದೊಡ್ಡಮ್ಮನಿಗೆ ಬಸ್ಸಿನಲ್ಲಿ ಕಳಿಸಿದೆವು. ಸಂಜೆಯೇ ದೊಡ್ಡಮ್ಮನ ಫೋನು: “ಎಂತಾ ರುಚಿಯೇ! ಬಾಯಲ್ಲಿಟ್ರೆ ಕರಗ್ತದೆ. ಮನೆಯೋರೆಲ್ಲ ಮುಗಿಬಿದ್ದು ತಿಂದ್ರು.”

ನಾದಿನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸ್ವಲ್ಪ ದಿನ ಕಳೆದು ಕೊಪ್ಪದಲ್ಲೇ ಒಬ್ಬರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದೆವು. ಆ ಮನೆಯಾಕೆ ಕಾಫಿಯ ಜೊತೆ ಒಂದೊಂದು ಉಂಡೆ ತಂದಿಟ್ಟರು. ನಾದಿನಿ ಕಚ್ಚಿದಳು. ಮುಖ ಹುಳ್ಳಗಾಯಿತು. ನನ್ನ ಕಿವಿಯಲ್ಲಿ, “ಅತ್ತಿಗೆ, ಯಾವ ಪುಣ್ಯಾತ್ಗಿತ್ತಿ ಮಾಡಿದ್ದೋ, ಕಲ್ಲು! ಹಿಟ್ಟು ಸರಿಯಾಗಿ ಹುರಿದೂ ಇಲ್ಲ, ಹಸಿ ವಾಸನೆ. ಇಂಥದ್ದನ್ನ ಇನ್ನೊಬ್ಬರಿಗೆ ಕೊಡೋಕೆ ಧೈರ್ಯ ಬೇಕು” ಎಂದಳು. ಬಾಯಿಬಿಟ್ಟು ಮಾತ್ರ, “ತುಂಬಾ ಚೆನ್ನಾಗಿದೆ, ನೀವೇ ಮಾಡಿದ್ದಾ?” ಎಂದಳು.

“ಅಯ್ಯೋ, ನಾನೆಲ್ಲಿಂದ ಮಾಡ್ಲಿ? ಕಮ್ಮರಡಿಯಿಂದ ನಮ್ಮಕ್ಕ ಕಳಿಸಿದ್ದು. ಅವಳಿಗೆ ಪಕ್ಕದ ಮನೆ ದೊಡ್ಡಮ್ಮ ಕೊಟ್ರಂತೆ. ನಿಮಗಿಷ್ಟು ಸೇರಿತಲ್ಲ, ಉಳಿದದ್ದನ್ನ ನೀವೇ ತಗೊಂಡು ಹೋಗಿ” ಎಂದು ಆಕೆ ಡಬ್ಬಿಯನ್ನೇ ತಂದು ನಾದಿನಿಯ ಕೈಗಿಟ್ಟರು.

ಬೇಡವೆನ್ನಲು ಬಾಯಿ ತೆರೆದ ನಾದಿನಿ ಹಾಗೆಯೇ ನಿಂತಳು. ಡಬ್ಬಿಯ ಮೇಲೆ ನಮ್ಮ ಅತ್ತೆಯ ಹೆಸರು ಕೆತ್ತಿತ್ತು. ನಮಗೆ ಕೊಟ್ಟ ಎರಡು ಬಿಟ್ಟರೆ ಡಬ್ಬಿ ತುಂಬಿಯೇ ಇತ್ತು.

ಜಿಮ್ಮಿನ ಹುಡುಗರು

ಸೋಯಾ ಅಲ್ಲಿಗೆ ಮುಗಿಯಿತು. ನಂತರ ಹುರುಳಿಕಾಳು. “ಕುದುರೆ ತಿನ್ನೋದು ಅದನ್ನೇ ಅಲ್ವಾ?” ಎಂಬುದು ನಾದಿನಿಯ ಸಿದ್ಧಾಂತ. ಆಗಷ್ಟೇ ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಒಂದು ಜಿಮ್ಮು ಶುರುವಾಗಿತ್ತು. ಕನ್ನಡಿಯ ಮುಂದೆ ತೋಳು ಮಡಚಿ ನಿಲ್ಲುವ ಹುಡುಗರಿಗಿಂತ ಒಳ್ಳೆ ಪರೀಕ್ಷಕರು ಸಿಕ್ಕಾರೆಯೇ?

ಜಿಮ್ಮಿನ ಮಾಸ್ಟರ್ ಉಂಡೆಯನ್ನು ಅಂಗೈಯಲ್ಲಿ ತೂಗಿ, “ಇದರಲ್ಲಿ ಪ್ರೋಟೀನ್ ಎಷ್ಟಿದೆ ಅಕ್ಕಾ?” ಎಂದ.

“ನಾವೇನೂ ಜಿಪುಣತನ ಮಾಡಿಲ್ಲಪ್ಪ” ಎಂದಳು ನಾದಿನಿ.

ಹುಡುಗರು ಪೈಪೋಟಿಯ ಮೇಲೆ ತಿಂದರು. ಮಾರನೇ ದಿನ ಸಂಜೆ ನಾವು ಫಲಿತಾಂಶ ತಿಳಿಯಲು ಮಹಡಿ ಹತ್ತಿದರೆ ಮಾಸ್ಟರ್ ಮೆಟ್ಟಿಲ ಮೇಲೇ ಕೂತಿದ್ದಾನೆ. ಹೊರಗೆ ಜಡಿಮಳೆ, ಜಿಮ್ಮಿನ ಕಿಟಕಿಗಳೆಲ್ಲ ಭದ್ರ.

“ಉಂಡೆ ಚೆನ್ನಾಗಿದೆ ಅಕ್ಕಾ” ಎಂದ ಅವನು, ಊರಿನ ಮರ್ಯಾದೆ ಬಿಡದೆ. “ಹೊಟ್ಟೆ ಮಾತ್ರ ಸ್ವಲ್ಪ ಮಾತಾಡ್ತದೆ. ಭಾರ ಎತ್ತುವಾಗ ಉಸಿರು ಹಿಡೀರಿ ಅಂತ ದಿನಾ ಬಾಯಿ ಬಡ್ಕೊಂಡ್ರೂ ಈ ಹುಡುಗ್ರು ಕೇಳ್ತಿರ್ಲಿಲ್ಲ. ಇವತ್ತು ನಾನು ಹೇಳೋದೇ ಬೇಡ, ಒಳಗಿರೋರೆಲ್ಲ ಉಸಿರು ಹಿಡ್ಕೊಂಡೇ ನಿಂತಿದಾರೆ.”

ಶೃಂಗೇರಿಯ ತಟ್ಟೆ

ಕೊನೆಗೆ ಹೆಸರುಕಾಳು ಹುರಿದು, ನೆಲಗಡಲೆ, ಎಳ್ಳು, ಬೆಲ್ಲ, ತುಪ್ಪ ಸೇರಿಸಿ ಒಂದು ಉಂಡೆ ಆಯಿತು. ಶೃಂಗೇರಿಯಲ್ಲಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಒಂದು ತಿಂಡಿ ಅಂಗಡಿ. ಯಾತ್ರಿಕರು ಸದಾ ತುಂಬಿರುತ್ತಾರೆ. ಅಲ್ಲಿಯ ಯಜಮಾನರು ಒಪ್ಪಿದರೆ ನಾದಿನಿ ಗೆದ್ದಂತೆ. ಇಲ್ಲದಿದ್ದರೆ ಮುಂದಿನ ವಾರದಿಂದ ಸ್ಟೂಲು. ಚಿಕ್ಕಪ್ಪ ಆವತ್ತು ಬೆಳಗ್ಗೆಯೇ ಫೋನ್ ಮಾಡಿ, “ಸ್ಟೂಲಿಗೆ ಕುಶನ್ನೂ ಹಾಕ್ಸಿದ್ದೀನಿ ಮಗಾ” ಎಂದಿದ್ದರು.

ನಾದಿನಿ ರೇಷ್ಮೆ ಸೀರೆ ಉಟ್ಟು, ತಲೆತುಂಬ ಹೂ ಮುಡಿದು ಹೊರಟಳು. ಯಜಮಾನರು ಉಂಡೆ ನೋಡಿ ಕೈಮುಗಿದುಬಿಟ್ಟರು. “ನಾನು ಮನೆಯಲ್ಲಿ ಮಾಡಿದ್ದು ಬಿಟ್ಟು ಬೇರೆ ತಿನ್ನೋದಿಲ್ಲ ತಾಯಿ. ಈ ಅಂಗಡಿಯ ಮಾಲನ್ನೇ ಇವತ್ತಿನವರೆಗೆ ಬಾಯಿಗಿಟ್ಟಿಲ್ಲ. ಒಂದು ತಟ್ಟೇಲಿ ಮುಂದೆ ಇಡಿ. ಬಂದ ಜನ ತಿಂದು ಎಂತ ಹೇಳ್ತಾರೆ ನೋಡುವ. ಕೇಳಿ ತಗೊಂಡು ಹೋದ್ರೆ ನಾಳೆಯಿಂದಲೇ ಕಳಿಸಿ.”

ಚೊಕ್ಕವಾಗಿ ಕಾಣಲಿ ಎಂದು ನಾನೇ ತಟ್ಟೆಗೊಂದು ಬಾಳೆಲೆ ಹಾಸಿದೆ. ಒಂದಷ್ಟು ಉಂಡೆಗಳನ್ನು ಚೂರು ಮಾಡಿ ಜೋಡಿಸಿ, ಉಳಿದದ್ದನ್ನು ಮಾರಾಟಕ್ಕೆಂದು ಪಕ್ಕದಲ್ಲಿಟ್ಟು ನಾದಿನಿ ಮುಂದೆ ನಿಂತಳು. ದೇವಸ್ಥಾನದಿಂದ ಬರುತ್ತಿದ್ದ ಒಬ್ಬರು ಚಪ್ಪಲಿ ಬಿಟ್ಟು ಬಂದು, ಎಡಗೈ ಕೆಳಗೆ ಬಲಗೈ ಮೇಲೆ ಚಾಚಿ, ಒಂದು ಚೂರು ಪಡೆದು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿದರು. ಅವರ ಹಿಂದೆ ಇನ್ನೊಬ್ಬರು. ಅವರ ಹಿಂದೆ ಒಂದು ಬಸ್ಸಿನ ಜನ. ಸಾಲೇ ನಿಂತಿತು. ಯಾರೋ ತಟ್ಟೆಗೆ ನಾಣ್ಯ ಹಾಕಿದರು. ಒಬ್ಬರು, “ಮನೇಲಿ ಹುಷಾರಿಲ್ಲದೋರಿದಾರೆ” ಎಂದು ಇನ್ನೊಂದು ಚೂರು ಕರ್ಚೀಫಿನಲ್ಲಿ ಕಟ್ಟಿಕೊಂಡರು.

“ರುಚಿ ಹೇಗಿದೆ?” ಎಂದು ನಾದಿನಿ ಅಂಗಲಾಚಿದಳು.

ಅವರು ಗದರಿದರು. “ಪ್ರಸಾದಕ್ಕೆ ರುಚಿ ಕೇಳ್ತಾರೇನಮ್ಮಾ? ಸಿಕ್ಕಿದ್ದೇ ಭಾಗ್ಯ!”

ತಟ್ಟೆ ಖಾಲಿಯಾಯಿತು. ಅಭಿಪ್ರಾಯ ಒಂದೂ ಇಲ್ಲ, ಉಂಡೆ ಕೊಳ್ಳಲು ಬಂದವರೂ ಇಲ್ಲ. ಯಜಮಾನರು, “ಇದು ಲೆಕ್ಕಕ್ಕೆ ಬರಲ್ಲ ತಾಯಿ” ಎಂದು ತಲೆಯಾಡಿಸಿದರು. ನಾದಿನಿ ಖಾಲಿ ಬಾಳೆಲೆ ಮಡಚುತ್ತಾ, “ಅತ್ತಿಗೆ, ಸೀರೆ ಮಡಚೋದು ಕಲೀಬೇಕು” ಎಂದಳು.

ಆಗ ಹಾಸನದ ಕಡೆಯ ಒಬ್ಬ ಅಜ್ಜಿ ವಾಪಸು ಬಂದು ಕೈಚಾಚಿದರು. “ಇನ್ನೊಂಚೂರು ಪ್ರಸಾದ ಕೊಡಿ ತಾಯಿ, ಅಮೃತ!”

ನಾದಿನಿಗೆ ಸಾಕಾಗಿಹೋಗಿತ್ತು. “ಅಜ್ಜಿ, ಅದು ಪ್ರಸಾದ ಅಲ್ಲ. ತಿಂಡಿ. ನಾನೇ ಮಾಡಿದ್ದು, ಮಾರೋಕೆ.”

ಅಜ್ಜಿಯ ಕೈ ಸರಕ್ಕನೆ ಸೊಂಟಕ್ಕೆ ಹೋಯಿತು. “ತಿಂಡಿಯಾ? ಮೊದ್ಲೇ ಹೇಳ್ಬಾರ್ದಾ! ಬೆಲ್ಲ ಜಾಸ್ತಿ. ಏಲಕ್ಕಿ ಕಾಣೇ ಇಲ್ಲ. ಎಳ್ಳು ಒಂಚೂರು ಸೀದದೆ. ಹೆಸ್ರುಕಾಳು ಇನ್ನೂ ನುಣ್ಣಗೆ ಬೀಸ್ಬೇಕಿತ್ತು, ನನ್ನ ಹಲ್ಲಿಗೆ ಸಿಕ್ಕಾಕ್ಕೊಂಡದೆ. ತುಪ್ಪನ ಹಾಕಿದ್ಯೋ, ತೋರಿಸ್ದ್ಯೋ?”

ನಾದಿನಿ ಒಂದೊಂದು ಮಾತಿಗೂ ಅರಳುತ್ತಾ ಹೋದಳು. “ಇನ್ನೂ ಹೇಳಿ ಅಜ್ಜಿ, ಇನ್ನೂ ಹೇಳಿ!”

“ಹೇಳೋದೇನು, ಎರಡು ಪ್ಯಾಕೆಟ್ ಕಟ್ಟು. ಮೊಮ್ಮಕ್ಳಿಗೆ ಬೇಕು.”

ಯಜಮಾನರು ಎದ್ದು ನಿಂತರು. “ನಾಳೆ ಮೊದಲನೇ ಬಸ್ಸಿಗೇ ಕಳಿಸಿ ತಾಯಿ. ಇಷ್ಟು ಬೈದೂ ತಗೊಂಡ್ರು ಅಂದ್ರೆ ಇನ್ನು ಪರೀಕ್ಷೆ ಎಂತಕ್ಕೆ?”

ನಾದಿನಿ ಅಲ್ಲೇ ಅಜ್ಜಿಯ ಕಾಲಿಗೆ ಬಿದ್ದಳು. ಅಜ್ಜಿ ಆಶೀರ್ವಾದ ಮಾಡಿ, ಪ್ಯಾಕೆಟ್ ಬಿಚ್ಚಿ ಒಂದು ಉಂಡೆ ಬಾಯಿಗೆ ಹಾಕಿಕೊಂಡು, ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು.

“ಏನೇ ಹೇಳು ಮಗಾ, ಪ್ರಸಾದವಾಗಿದ್ದಾಗ ಇನ್ನೂ ಚೆನ್ನಾಗಿತ್ತು.”