ಗೋಲ್ಡ್ ಫಿಶ್‌ಗೆ ಬೋರ್ಡೋ

ಜೀಪಿನಿಂದ ಇಳಿಯದೆ, ಎಲೆಯನ್ನು ದೂರದಿಂದಲೇ ನೋಡಿ, ಕಾಫಿ ಗಿಡಕ್ಕೆ ಯಾವ ರೋಗ ಬಂದಿದೆ ಎಂದು ಹೇಳಬಲ್ಲ ಗಂಡಸು ಜಾವಳಿ ಸುತ್ತಮುತ್ತ ಒಬ್ಬನೇ ಇದ್ದಾನೆ. ಅದು ನಾನು! ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದು ಊರಿನವರ ಸಣ್ಣತನ.

ಇಂಥ ನನ್ನ ಕೈಗೆ ತನ್ನ ಅಕ್ವೇರಿಯಂ ಒಪ್ಪಿಸಲು ಹೆಂಡತಿ ದೀಪಶ್ರೀ ಹಿಂದೆಮುಂದೆ ನೋಡಿದಳು. ಹೈಸ್ಕೂಲ್ ಟೀಚರ್ ಅವಳು. ಎರಡು ವಾರದ ತರಬೇತಿಗೆ ಮೈಸೂರಿಗೆ ಹೊರಟಿದ್ದಳು. ತೊಟ್ಟಿಯಲ್ಲಿ ಎಂಟು ಗೋಲ್ಡ್ ಫಿಶ್. ಮೂರು ವರ್ಷದಿಂದ ಸಾಕಿದ್ದು. ನನ್ನ ಜೊತೆ ಎಂದೂ ಆಡದಷ್ಟು ನಯವಾದ ಮಾತನ್ನು ಅವುಗಳ ಜೊತೆ ಆಡುತ್ತಾಳೆ.

"ರೀ, ದಿನಕ್ಕೆರಡು ಸಲ ಚಿಟಿಕೆ ಆಹಾರ ಹಾಕಿ. ಅಷ್ಟೇ."

"ಅಷ್ಟೇನಾ?"

"ಅಷ್ಟೇ. ತಲೆ ಉಪಯೋಗ್ಸೋ ಕೆಲ್ಸ ಇದ್ರಲ್ಲಿ ಇಲ್ಲ. ನಿಮ್ಗೆ ಕಷ್ಟ ಆಗಲ್ಲ."

ಈ ಮಾತು ನನ್ನನ್ನು ಚುಚ್ಚಿತು. ಅವಳು ವಾಪಸ್ ಬರುವಷ್ಟರಲ್ಲಿ ತೊಟ್ಟಿಯನ್ನು ಹೀಗೆ ಮಾಡಿಡಬೇಕು, ಅವಳು ಬಾಯಿ ಬಿಟ್ಟು ನಿಲ್ಲಬೇಕು ಎಂದು ಸಂಕಲ್ಪ ಮಾಡಿದೆ. ಅವತ್ತೇ ಚಿಕ್ಕಮಗಳೂರಿಗೆ ಹೋಗಿ ಎರಡು ಹೊಸ ಮೀನು ತಂದು ತೊಟ್ಟಿಗೆ ಸುರಿದುಬಿಟ್ಟೆ. ಪಕ್ಕದ ತೋಟದ ಸಸಿಯನ್ನು ನರ್ಸರಿಗೆ ಸೇರಿಸುವ ಮುಂಚೆ ತಿಂಗಳುಗಟ್ಟಲೆ ದೂರ ಇಟ್ಟು ನೋಡುವವನು ನಾನು. ಮೀನಿನ ವಿಷಯದಲ್ಲಿ ಆ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ನಾಲ್ಕನೇ ದಿನ ಬೆಳಿಗ್ಗೆ ನೋಡುತ್ತೇನೆ, ಹತ್ತೂ ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ! ಪಾಪ, ತಳದ ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿದ್ದವು. ಫೋನಿನಲ್ಲಿ ಹುಡುಕಿದೆ. ಬಿಳಿ ಚುಕ್ಕೆ ರೋಗವಂತೆ. ಕಣ್ಣಿಗೆ ಕಾಣದ ಪರಾವಲಂಬಿ ಜೀವಿ. ಮೀನಿನ ಮೈಯಲ್ಲಿ ಬಲಿತು, ಕೆಳಗೆ ಉದುರಿ, ತೊಟ್ಟಿಯ ತಳದಲ್ಲಿ ಮರಿ ಮಾಡಿ, ಮತ್ತೆ ಮೀನಿಗೆ ಹತ್ತುತ್ತದಂತೆ. ಅರೆ, ಕಾಫಿಯ ಕಾಯಿಕೊರಕ ಹುಳದ್ದೂ ಇದೇ ಬುದ್ಧಿಯಲ್ಲವೇ! ಔಷಧಿಗಳ ಪಟ್ಟಿಯ ಕೊನೆಯಲ್ಲಿ ಕಾಪರ್ ಸಲ್ಫೇಟ್ ಎಂದಿತ್ತು. ಅಂದರೆ ನಮ್ಮ ಮೈಲುತುತ್ತ! ಸ್ಟೋರಿನಲ್ಲಿ ಅರ್ಧ ಮೂಟೆ ಬಿದ್ದಿದೆ. ಪ್ರಮಾಣದ ಬಗ್ಗೆ ಕೆಳಗೇನೋ ಎಚ್ಚರಿಕೆ ಬರೆದಿದ್ದರು. ಎಚ್ಚರಿಕೆಗಳೆಲ್ಲ ಹೊಸಬರಿಗೆ. ನಾನು ಮುಂದೆ ಓದಲಿಲ್ಲ.

ಮೊದಲು ತೊಟ್ಟಿಗೆ ಚಿಕಿತ್ಸೆ, ಆಮೇಲೆ ಮೀನಿಗೆ ಎಂದು ಯೋಜನೆ ಹಾಕಿದೆ. ಹತ್ತೂ ಮೀನನ್ನು ದೊಡ್ಡ ಪ್ಲಾಸ್ಟಿಕ್ ಟಬ್ಬಿಗೆ ಹಾಕಿ, ಚಳಿಯಾಗದಿರಲೆಂದು ಬಚ್ಚಲುಮನೆಯಲ್ಲಿ ಹಂಡೆ ಒಲೆಯ ಪಕ್ಕ ಇಟ್ಟೆ. ಹಂಡೆಗೆ ಬೆಂಕಿ ಹಾಕಲು ಅಣ್ಣಮ್ಮ ಆ ದಿನವೇ ಹೊಸದಾಗಿ ಕೆಲಸಕ್ಕೆ ಸೇರಿದ್ದಳು.

"ಅಣ್ಣಮ್ಮ, ಅಮ್ಮಾವ್ರು ಬರೋವರ್ಗೆ ಈ ಮೀನು ಜೀವಂತ ಇರ್ಬೇಕು. ಗೊತ್ತಾಯ್ತಾ?"

"ಅದೆಲ್ಲ ನಂಗ್ ಬಿಡಿ ಅಯ್ಯಾ."

ಆಮೇಲೆ ಮೈಲುತುತ್ತ ಕರಗಿಸಿದೆ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ತೋಟಕ್ಕೆ ಹೊಡೆಯಲು ಮೈಲುತುತ್ತ, ಸುಣ್ಣ ಸೇರಿಸಿ ಡ್ರಮ್ಮುಗಟ್ಟಲೆ ಬೋರ್ಡೋ ದ್ರಾವಣ ಕಲಸಿದ ಕೈ. ಮೈಲುತುತ್ತ ಕಂಡೊಡನೆ ತಾನಾಗಿಯೇ ಸುಣ್ಣಕ್ಕೆ ಹೋಯಿತು. ಎರಡನ್ನೂ ಸೇರಿಸಿ ಸುರಿದೆ. ತೊಟ್ಟಿ ನೀಲಿ ಮಜ್ಜಿಗೆಯಾಯಿತು! ಅಡುಗೆಮನೆಯ ಚಾಕು ಅದ್ದಿ ನೋಡುತ್ತಿದ್ದೆ, ಮೇಸ್ತ್ರಿ ಗುರುವಯ್ಯ ಬಂದ.

"ಇದೇನು ಅಯ್ಯಾ?"

"ಬೋರ್ಡೋ. ನೋಡು, ತಾಮ್ರ ಹತ್ತಿ ಚಾಕು ಕೆಂಪಾಗ್ಲಿಲ್ಲ. ಹದ ಸರಿಯಾಗಿದೆ!"

"ಹದ ಸರಿಯಿದೆ. ಮೀನು ಇದ್ರಲ್ಲಿ ಬದುಕ್ತವಾ?"

"ಯಾಕೆ ಬದುಕಲ್ಲ?"

"ಸ್ಪ್ರೇ ಮಾಡಿದ್ ಡ್ರಮ್ಮು ಹಳ್ಳದಲ್ಲಿ ತೊಳೀಬೇಡ್ರೋ, ಮೀನು ಸಾಯ್ತವೆ ಅಂತ ವರ್ಷಾ ವರ್ಷಾ ಬೈಯೋರು ನೀವೇ ಅಲ್ವಾ?"

ನಿಜ ಹೇಳುತ್ತೇನೆ, ಇನ್ನೊಂದು ಗಂಟೆ ಗುರುವಯ್ಯ ಬರದಿದ್ದರೆ ದೀಪಶ್ರೀಯ ಮಕ್ಕಳಂಥ ಮೀನುಗಳನ್ನು ನಾನೇ ಕೈಯಾರೆ ಕೊಲ್ಲುತ್ತಿದ್ದೆ.

ಮುಂದಿನ ಹತ್ತು ದಿನ ನಾನು ತೋಟದ ಮುಖ ನೋಡಲಿಲ್ಲ. ತಳದ ಕಲ್ಲು ಬಿಸಾಡಿದೆ. ಗಾಜಿಗೆ ಹುಣಸೆಹಣ್ಣು ಹಾಕಿ ಉಜ್ಜಿದೆ, ಲಿಂಬೆ ಹಾಕಿ ಉಜ್ಜಿದೆ. ನೀಲಿ ಹೋಗಿ ನನ್ನ ಉಗುರಿಗೆ ಸೇರಿತು. ದೀಪಶ್ರೀ ದಿನಾ ಫೋನ್ ಮಾಡುತ್ತಿದ್ದಳು.

"ಮೀನು ಹೇಗಿವೆ ರೀ?"

"ಬಿಸಿಬಿಸಿಯಾಗಿ... ಅಲ್ಲ, ಬೆಚ್ಚಗಿವೆ!"

"ವಿಡಿಯೋ ಕಾಲ್ ಮಾಡಿ, ನೋಡ್ತೀನಿ."

"ನೆಟ್‌ವರ್ಕ್ ಇಲ್ಲ ಮಾರಾಯ್ತಿ!" ಎಂದು ಸ್ಪಷ್ಟವಾಗಿ ಕೇಳುತ್ತಿದ್ದ ಫೋನನ್ನು ಇಟ್ಟುಬಿಡುತ್ತಿದ್ದೆ.

ಬಚ್ಚಲುಮನೆಗೆ ಹೋದಾಗಲೆಲ್ಲ ಮುಖ ತಿರುಗಿಸಿಕೊಂಡೇ ಟಬ್ಬಿಗೆ ಆಹಾರ ಉದುರಿಸುತ್ತಿದ್ದೆ. ಯಾವುದಾದರೂ ತೇಲುತ್ತಿದ್ದರೆ ನೋಡುವ ಧೈರ್ಯ ನನಗಿರಲಿಲ್ಲ.

ಹದಿನೈದನೇ ದಿನ ಮುಂಜಾನೆ, ದೇವರ ಮೇಲೆ ಭಾರ ಹಾಕಿ, ಟಬ್ಬನ್ನು ಬೆಳಕಿಗೆ ತಂದೆ. ಹತ್ತೂ ಮೀನು ಬದುಕಿದ್ದವು! ಮೈಮೇಲೆ ಒಂದೇ ಒಂದು ಚುಕ್ಕೆ ಇಲ್ಲ! ಕಣ್ಣಲ್ಲಿ ನೀರು ಬಂತು. ಹೇಗೆ ವಾಸಿಯಾಯಿತೆಂದು ಗೊತ್ತಾಗಲಿಲ್ಲ. ಆದರೆ ಹತ್ತು ನಿಮಿಷ ಯೋಚಿಸಿದಾಗ ಇದಕ್ಕೆ ನಾನೇ ಕಾರಣ ಎಂಬುದು ಸ್ಪಷ್ಟವಾಯಿತು. ತೊಟ್ಟಿಗೆ ಹೊಸ ನೀರು ತುಂಬಿ ಬಿಟ್ಟೆ.

ಹನ್ನೊಂದಕ್ಕೆ ದೀಪಶ್ರೀ ಬಂದಳು. ಬ್ಯಾಗನ್ನೂ ಇಳಿಸದೆ ತೊಟ್ಟಿಯ ಮುಂದೆ ನಿಂತಳು.

"ಅಯ್ಯೋ, ಹತ್ತಾಗಿದಾವೆ! ಎಷ್ಟು ಹೊಳೀತಿದಾವೆ! ಏನ್ ಮಾಡಿದ್ರಿ?"

"ನೀನು ಹೋದ್ಮೇಲೆ ಭಯಂಕರ ರೋಗ ಬಂತು," ಎಂದು ಕುರ್ಚಿ ಎಳೆದುಕೊಂಡೆ. "ಬೇರೆಯವ್ರಾಗಿದ್ರೆ ಒಂದೂ ಉಳೀತಿರ್ಲಿಲ್ಲ. ಒಂದು ವಿಶೇಷ ಚಿಕಿತ್ಸೆ ಮಾಡ್ದೆ. ಹೇಳಿದ್ರೆ ನಿಂಗೆ ಅರ್ಥ ಆಗಲ್ಲ."

"ನಿಜವಾಗ್ಲೂ ನೀವೇ ವಾಸಿ ಮಾಡಿದ್ರಾ?" ಮದುವೆಯಾದ ಹೊಸತರಲ್ಲಿ ಹೀಗೆ ನೋಡಿದ್ದಳು, ಮತ್ತೆ ಈಗಲೇ.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಅಣ್ಣಮ್ಮ ಇಣುಕಿದಳು. ಕೈಯಲ್ಲಿ ಅರೆದ ಮಸಾಲೆಯ ಬಟ್ಟಲು.

"ಅಮ್ಮಾವ್ರು ಬಂದ್ರಾ? ಮಸಾಲೆ ರೆಡಿ ಅಮ್ಮಾ. ಟಬ್ಬಲ್ಲಿ ಮೀನೇ ಇಲ್ಲ, ಎಲ್ಲೋದ್ವು?"

"ಯಾವ ಮೀನು?"

"ಬಚ್ಚಲಲ್ಲಿದ್ದಿದ್ದು! ನೀವು ಬಂದ್ ದಿನ ಸಾರಿಗೆ ಅಂತ ಅಯ್ಯ ಜೀವಂತ ಇಡ್ಸಿದ್ರಲ್ಲ. ಕೆಸರು ವಾಸ್ನೆ ಹೋಗ್ಲಿ ಅಂತ ದಿನಾ ಒಲೆ ಬದಿಯ ಬೆಚ್ಚನೆ ನೀರು ಬದಲಾಯ್ಸಿ, ಕಲ್ಲುಪ್ಪು ಹಾಕಿ ಇಟ್ಟಿದ್ದೆ. ಮೈಮೇಲೆ ಬೂಸ್ಟು ಥರ ಏನೋ ಇತ್ತು ಅಮ್ಮಾ, ಎಲ್ಲಾ ಹೋಯ್ತು!"

ದೀಪಶ್ರೀ ತೊಟ್ಟಿ ನೋಡಿದಳು. ಬಟ್ಟಲು ನೋಡಿದಳು. ನನ್ನ ನೀಲಿ ಉಗುರು ನೋಡಿದಳು.

"ಅಣ್ಣಮ್ಮ, ಆ ಟಬ್ಬು ಖಾಲಿ ಇದೆಯಲ್ಲಾ? ಇವ್ರನ್ನ ಅದ್ರಲ್ಲಿ ಕೂರ್ಸು. ದಿನಾ ಉಪ್ಪು ನೀರು ಬದಲಾಯ್ಸು. ಜಂಬದ ವಾಸ್ನೆ ಹೋಗತ್ತಾ ನೋಡೋಣ!"

ಅವತ್ತು ಮಧ್ಯಾಹ್ನ ಮೀನಿನ ಮಸಾಲೆಯಲ್ಲಿ ಬದನೆಕಾಯಿ ಬೆಂದಿತ್ತು. ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಕೇಳುವ ಧೈರ್ಯ ನನಗೆ ಬರಲಿಲ್ಲ.