ನಮ್ಮ ಮಾವನ ಸೈಟೊಕೈನ್ ಸಂಸಾರ

ಮೊಳಕಾಲ್ಮೂರಿನ ನಮ್ಮ ಸೋದರಮಾವನ ಮನೆಗೆ ನೀವು ಬರಿಗೈಯಲ್ಲಿ ಹೋಗಬಹುದು, ಕರೆಯದೆ ಹೋಗಬಹುದು, ಊಟದ ಹೊತ್ತಿಗೇ ಹೋಗಬಹುದು. ಜ್ವರ ಇಟ್ಟುಕೊಂಡು ಮಾತ್ರ ಹೋಗಬೇಡಿ! ಹೋದಿರೋ, ಕೆಟ್ಟಿರಿ. ಅವರು ಚಳ್ಳಕೆರೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಕಾಲೇಜು ಅವರನ್ನು ಬಿಟ್ಟಿತೇ ಹೊರತು ಅವರು ಪಾಠ ಬಿಡಲಿಲ್ಲ. ಜ್ವರದ ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದು, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಶುರುಮಾಡುತ್ತಾರೆ.

“ಲೇ, ಜ್ವರ ಶತ್ರು ಅಲ್ಲ ಕಣಲೇ. ಮೈಯೊಳಗೆ ಕಳ್ಳ ನುಗ್ಗವ್ನೆ. ಒಂದು ಜೀವಕೋಶ ಅವನ್ನ ಕಂಡು ಕೂಗು ಹಾಕೈತೆ. ಆ ಕೂಗೇ ಸೈಟೊಕೈನು! ಕಾವಲುಗಾರರು ಎದ್ದವ್ರೆ ಅಂತ ಖುಷಿ ಪಡು.”

“ಖುಷಿ ಆಮೇಲೆ ಪಡ್ತೀನಿ ಮಾವ, ಮೊದಲು ಮಾತ್ರೆ ಕೊಡ್ರಿ.”

ಕೊಡುತ್ತಾರೆಯೇ? ಪಾಠ ಮುಗಿಯುವಷ್ಟರಲ್ಲಿ ಅರ್ಧ ಜನಕ್ಕೆ ಜ್ವರ ತಾನಾಗಿಯೇ ಬಿಟ್ಟಿರುತ್ತದೆ.

ಒಮ್ಮೆ ಕೊಂಡ್ಲಹಳ್ಳಿ ಕಡೆಯಿಂದ ಕುರಿ ಕಾಯುವ ನೆಂಟರೊಬ್ಬರು ಬಂದಿದ್ದರು. ಮಾವ ಅವರನ್ನೂ ಬಿಡಲಿಲ್ಲ. “ಎರಡು ಮಂದೆ ಬೆರೆತಾಗ ನೀನು ಕೂಗು ಹಾಕ್ತೀಯಲ್ಲ, ನಿನ್ನ ಕುರಿ ಮಾತ್ರ ತಲೆ ಎತ್ತುತಾವೆ. ಹಂಗೇ ಪ್ರತಿ ಸೈಟೊಕೈನಿಗೂ ಅದರದೇ ರಿಸೆಪ್ಟರು, ಅಂದ್ರೆ ಕಿವಿ ಇದ್ದಂಗೆ. ಅದು ಇರೋ ಜೀವಕೋಶಕ್ಕೆ ಮಾತ್ರ ಕೂಗು ಕೇಳ್ತದೆ.” ನೆಂಟರು ಮೀಸೆಯಡಿಯಲ್ಲೇ ನಕ್ಕರು. “ದಿಟ ಕಣ್ರಿ. ಆದ್ರೆ ನನ್ನ ಕೂಗಿಗೆ ಕುರಿ ಹತ್ರ ಬರ್ತಾವೆ, ನಿಮ್ಮ ಕೂಗಿಗೆ ನೆಂಟರು ದೂರ ಓಡ್ತಾರೆ!”

ಇಷ್ಟಕ್ಕೆ ಸುಮ್ಮನಾಗುವ ಆಸಾಮಿಯೇ ಮಾವ? ಒಂದು ಭಾನುವಾರ ನನ್ನನ್ನೂ ನನ್ನ ತಮ್ಮನನ್ನೂ ಹೊಸಿಲ ಎರಡು ತುದಿಗೆ ನಿಲ್ಲಿಸಿದರು. ಒಬ್ಬೊಬ್ಬರದೂ ಒಂದು ಕೈ ಹೊರಗೆ, ಒಂದು ಕೈ ಒಳಗೆ.

“ಮನೆ ಜೀವಕೋಶ. ನೀವಿಬ್ರೂ ಸೇರಿ ರಿಸೆಪ್ಟರು. ನಾನು ಸೈಟೊಕೈನು. ನಿಮ್ಮ ಹೊರಗಿನ ಕೈ ಹಿಡಿದು ಇಬ್ರನ್ನೂ ಹತ್ರ ಎಳೀತೀನಿ. ಆಗ ಒಳಗಿನ ಕೈ ಎರಡೂ ಚಪ್ಪಾಳೆ ತಟ್ಟಬೇಕು. ಆ ಸದ್ದಿಗೆ ನಿಮ್ಮತ್ತೆ ಅಡುಗೆಮನೆಗೆ ಓಡಿ ಒಲೆ ಹಚ್ಚಬೇಕು. ನಾನು ಮಾತ್ರ ಒಳಗೆ ಕಾಲಿಡಲ್ಲ. ಸೈಟೊಕೈನು ಹೊರಗೇ ನಿಂತು ಕೆಲಸ ಮಾಡಿಸ್ತದೆ!”

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು. “ಕಾಫಿ ಬೇಕಾದ್ರೆ ಕಾಫಿ ಅಂತ ಕೇಳಬಾರ್ದಾ? ಅದಕ್ಕೆ ಮೂರು ಜನ ಹೊಸಿಲ ಮೇಲೆ ಕುಣೀಬೇಕಾ?”

ಆ ಮನೆಯಲ್ಲಿ ನಾವು ಹಾಗೆ ನಕ್ಕಿದ್ದು ಅದೇ ಕೊನೆ, ಬಹಳ ಕಾಲದವರೆಗೆ.

ಅತ್ತೆ ರೇಷ್ಮೆ ಸೀರೆ ನೇಯುವವರು. ಅದಾದ ಮೇಲೆ ಅವರಿಗೆ ಬೆಳಿಗ್ಗೆ ಎದ್ದರೆ ಬೆರಳ ಗೆಣ್ಣುಗಳು ಊದಿ, ಕೈ ಮುಷ್ಟಿಯಾಗದಂತಾಯಿತು. ಮಾವ ಮೊದಮೊದಲು “ಕಾವಲುಗಾರರು ಎದ್ದವ್ರೆ” ಎಂದರು. ಅತ್ತೆ ಹಲ್ಲು ಕಚ್ಚಿಕೊಂಡು ಮಗ್ಗಕ್ಕೆ ಕೂರುತ್ತಿದ್ದರು. ಒಂದು ದಿನ ಲಾಳಿ ಕೈಜಾರಿ ಬಿತ್ತು. ಎತ್ತಲು ಹೋದರೆ ಬೆರಳು ಮಡಚಲೇ ಇಲ್ಲ. ಅವರು ಅಳಲಿಲ್ಲ, ಲಾಳಿಯನ್ನೇ ನೋಡುತ್ತಾ ಕೂತರು. ಮಾವ ಅವತ್ತೇ ನನಗೆ ಫೋನ್ ಮಾಡಿ, “ಲೇ, ಕಾರು ತಗಂಡು ಬಾ” ಎಂದರು. ಆ ದನಿ ಕೇಳಿಯೇ ನನಗೆ ಭಯವಾಯಿತು.

ಚಳ್ಳಕೆರೆಯ ಡಾಕ್ಟರಮ್ಮ ಮಾವನ ಕಳ್ಳ-ಕಾವಲುಗಾರರ ಪಾಠ ಕೇಳಿಸಿಕೊಂಡು, ಪರೀಕ್ಷೆಗಳನ್ನೆಲ್ಲ ನೋಡಿ, ಅದೇ ಮಾತಿನಲ್ಲಿ ಹೇಳಿದರು: “ಕಳ್ಳ ಯಾರೂ ಇಲ್ಲ ಸರ್. ಆದ್ರೂ ಸೈಟೊಕೈನು ಕೂಗ್ತಾನೇ ಇದೆ. ಕಾವಲುಗಾರರು ಇವರ ಕೀಲುಗಳನ್ನೇ ಬಡೀತಿದಾರೆ. ಹಿಂಗೇ ಬಿಟ್ರೆ ಬೆರಳು ಸೊಟ್ಟಗಾಗಿ ಹಂಗೇ ನಿಂತುಬಿಡ್ತಾವೆ.”

ತಿಂಗಳುಗಟ್ಟಲೆ ನುಂಗಿದ ಮಾತ್ರೆಗಳಿಗೆ ಕಾಯಿಲೆ ಬಗ್ಗಲಿಲ್ಲ. ಉಳಿದದ್ದು ಒಂದು ಇಂಜೆಕ್ಷನ್ನು. ಅದು ಹೋಗಿ ರಿಸೆಪ್ಟರಿನಲ್ಲಿ ಸೈಟೊಕೈನಿನ ಜಾಗ ಹಿಡಿದು ಕೂತುಬಿಡುತ್ತದೆ. ಸೈಟೊಕೈನು ಬಂದರೂ ಹಿಡಿಯಲು ಕೈ ಸಿಗುವುದಿಲ್ಲ. ಆದರೆ ಮೈಯಲ್ಲಿ ಕ್ಷಯ ಅಡಗಿದ್ದರೆ ಅದು ಕೆರಳಬಹುದು, ಮೊದಲು ಅದನ್ನು ನೋಡಬೇಕು ಎಂದರು ಡಾಕ್ಟರಮ್ಮ. ಅತ್ತೆಯ ತಾಯಿ ಹೋದದ್ದೇ ಕ್ಷಯದಲ್ಲಿ! ಫಲಿತಾಂಶ ಬರುವವರೆಗೆ ಮಾವ ಯಾರಿಗೂ ಪಾಠ ಮಾಡಲಿಲ್ಲ. ಪಕ್ಕದ ಮನೆಯವರು ಜ್ವರ ಅಂದರೆ ಮಾತಿಲ್ಲದೆ ಮಾತ್ರೆ ಕೊಟ್ಟು ಕಳಿಸಿದರಂತೆ.

ಕ್ಷಯ ಇರಲಿಲ್ಲ. ಡಾಕ್ಟರಮ್ಮ ಇಂಜೆಕ್ಷನ್ನಿಗೆ ದಿನ ಗೊತ್ತು ಮಾಡಿದರು. ಆ ದಿನ ನಮ್ಮನ್ನು ಕೂರಿಸಿಕೊಂಡು ಎಚ್ಚರಿಕೆ ಹೇಳಿದರು: “ಇದು ತಗೊಂಡ ಮೇಲೆ ಒಳಗೆ ಸೋಂಕಾದ್ರೂ ಜ್ವರ ಕಾಣಿಸಿಕೊಳ್ಳದೇ ಇರಬಹುದು.”

ಮಾವ ಎದ್ದು ನಿಂತೇಬಿಟ್ಟರು. “ಜ್ವರಾನೇ ಬರಲ್ಲಾಂದ್ರೆ? ಕಳ್ಳ ಬಂದ್ರೆ ನಮಗೆ ಹೆಂಗ್ರೀ ಗೊತ್ತಾಗ್ತದೆ? ಬೇಡ! ನಡೀ ಮನೀಗೆ.”

ನಾನು ಅವರ ತೋಳು ಹಿಡಿದೆ, ಕೊಡವಿಕೊಂಡರು. ಅತ್ತೆ ಕೂತಲ್ಲಿಂದ ಏಳಲಿಲ್ಲ. ಊದಿದ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು, “ನನ್ನ ಕೈ ನನಗೆ ಬೇಕ್ರಿ” ಎಂದರು. ಅಷ್ಟೇ. ಮಾವ ಆ ಕೈಗಳನ್ನು ನೋಡುತ್ತಾ ನಿಂತರು. ಆಮೇಲೆ ಗೋಡೆಯ ಕಡೆ ತಿರುಗಿ, “ಹಾಕ್ರಮ್ಮ” ಎಂದರು.

ಕೆಲವು ತಿಂಗಳ ಮೇಲೆ ಕಡಲೆಕಾಯಿ ಎಣ್ಣೆಯ ಡಬ್ಬಿ ಹಿಡಿದು ಅವರ ಮನೆಗೆ ಹೋದೆ. ಬೆಳಿಗ್ಗೆ ಮಗ್ಗದಲ್ಲಿ ಒಂದು ಗೇಣು ನೇಯ್ದು, ಮಧ್ಯಾಹ್ನದ ಊಟ ಮುಗಿಸಿ ಅತ್ತೆ ಚಾಪೆಯ ಮೇಲೆ ಮಲಗಿದ್ದರು. ಪಕ್ಕದಲ್ಲಿ ಮಾವ ಬಾಯಿ ಬಿಡದೆ ಕೂತಿದ್ದರು. ನಮ್ಮ ಮಾವ, ಬಾಯಿ ಬಿಡದೆ!

“ಯಾಕ್ ಮಾವ, ಮೈಯಲ್ಲಿ ಹುಷಾರಿಲ್ವಾ?”

“ಶ್! ಉಸಿರಾಟ ಕೇಳ್ತಿದೀನಿ. ಬೆಳಿಗ್ಗೆ ಒಂದ್ಸಲ ಕೆಮ್ಮಿದ್ಲು.” ಕಣ್ಣನ್ನು ಅತ್ತೆಯಿಂದ ಕದಲಿಸದೆ ಮೆಲ್ಲಗೆ ಹೇಳಿದರು: “ಒಳಗಿನ ಕಾವಲುಗಾರರು ಇನ್ನು ಕೂಗಿ ಹೇಳಲ್ಲ ಕಣಲೇ. ನಾನೇ ನೋಡ್ಕಬೇಕಲ್ಲ.”

ಮಾತಾಡಿದರೆ ಅವರಿಗೆ ಅತ್ತೆಯ ಉಸಿರು ಕೇಳಿಸಲಿಕ್ಕಿಲ್ಲವೆಂದು, ಎಣ್ಣೆ ಡಬ್ಬಿಯನ್ನು ಸದ್ದಾಗದಂತೆ ಇಳಿಸಿ, ನಾನೂ ಅವರ ಪಕ್ಕ ಕೂತೆ.